ಟ್ರಿಗರ್ ಜಗ್ಗಬೇಡ, ಒತ್ತು!

ಕೊನೆಯ ಮೂರು ಗುಂಡುಗಳಿಗೆ ಬಂದ ಅಂಕ ಏಳು, ಆರು, ಐದು. ಮೂರೂ ಗುರಿಯ ಕೆಳಗೆ, ಎಡಕ್ಕೆ. ಮುಂದಿನ ಸುತ್ತಿನ ಅರ್ಹತೆ ಬರೀ ಮೂರು ಅಂಕಗಳಿಂದ ಕೈತಪ್ಪಿತು. ಅಪ್ಪ ಒಂದು ಹಸು ಮಾರಿ ಕೊಡಿಸಿದ್ದ ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲನ್ನು ಪೆಟ್ಟಿಗೆಗೆ ಇಡುವಾಗ, ಮನೆಯಲ್ಲಿ ಏನೆಂದು ಹೇಳಲಿ ಎನ್ನುವುದೊಂದೇ ಚಿಂತೆ.

‘ನಿನ್ನ ಕಣ್ಣು ಸರಿಯಿದೆ, ಬೆರಳು ಸರಿಯಿಲ್ಲ. ಬಲಗೈಯವರು ಟ್ರಿಗರ್ ಜಗ್ಗಿದರೆ ಗುಂಡು ಹೀಗೇ ಕೆಳಗೆ, ಎಡಕ್ಕೆ ಹೋಗುತ್ತೆ. ಗುಂಡಿಲ್ಲದೆ ಅಭ್ಯಾಸ ಮಾಡು’ ಎಂದರು ಕೋಚ್.

10 ಮೀಟರ್ ಏರ್ ಪಿಸ್ತೂಲ್ ಒಂಟಿ ಕೈಯ ಆಟ. 75 ನಿಮಿಷದಲ್ಲಿ 60 ಗುಂಡು. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ಒಂದು ಅಂಗಿ ಗುಂಡಿಯಷ್ಟು. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕೆಂಬುದು ನಿಯಮ. ಅದು ಮೊದಲು ಸಲೀಸಾಗಿ ಹಿಂದೆ ಸರಿದು, ಆಮೇಲೆ ಬೆರಳಿಗೆ ಎದುರು ನಿಲ್ಲುತ್ತದೆ. ನಾನು ಸೋಲುತ್ತಿದ್ದುದು ಅಲ್ಲೇ.

ರಾತ್ರಿ ಊಟವಾದ ಮೇಲೆ ಪಿಸ್ತೂಲು ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಡ್ರೈ ಫೈರ್‌ಗೆ ಹೊಂದಿಸಿ, ಬರಿಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ನಳಿಗೆಯ ಮೇಲೊಂದು ರೂಪಾಯಿ ನಾಣ್ಯ. ಟ್ರಿಗರ್ ‘ಟಕ್’ ಎಂದರೂ ನಾಣ್ಯ ಬೀಳಬಾರದು. ಆದರೆ ಪ್ರತಿ ಸಲವೂ ಠಣ್ ಎಂದು ಬೀಳುತ್ತಿತ್ತು.

ಬಾಗಿಲಲ್ಲಿ ಕೂತಿದ್ದ ಅಜ್ಜಿ ನಕ್ಕಳು. ‘ಯಾಕ್ ಮಗ ಹಂಗ್ ಜಗ್ತೀಯೆ? ಹಂಗ್ ಜಗ್ಗಿದ್ರೆ ಹಸ ಒದೀತದೆ. ಮೆಲ್ಲಗೆ ಹಿಂಡ್ಕಂಡು ಹೋಗ್ಬೇಕು, ಹಾಲು ತಾನಾಗೇ ಬತ್ತದೆ.’

ಮಾರನೇ ದಿನ ಬೆಳಿಗ್ಗೆ ನಮ್ಮಲ್ಲಿ ಉಳಿದಿದ್ದ ಒಂದೇ ಹಸುವಿನ ಪಕ್ಕ ಕೂರಿಸಿ ಹಾಲು ಕರೆಸಿದಳು. ಆಗ ನನ್ನ ತಪ್ಪು ಹೊಳೆಯಿತು. ಕೈ ಅಲುಗದ ಒಂದು ಕ್ಷಣಕ್ಕಾಗಿ ಕಾಯುತ್ತಿದ್ದೆ, ಅದು ಬಂತೆನಿಸಿದ ಕೂಡಲೇ ‘ಈಗ!’ ಎಂದು ಜಗ್ಗುತ್ತಿದ್ದೆ. ಆದರೆ ಚಾಚಿದ ಕೈ ಪೂರ್ತಿ ನಿಲ್ಲುವುದೇ ಇಲ್ಲ. ಅದು ಅಲುಗಲಿ ಎಂದು ಬಿಟ್ಟು, ಬೆರಳಿನ ಒತ್ತಡವನ್ನಷ್ಟೇ ಒಂದೇ ಸಮನೆ ಹೆಚ್ಚಿಸುತ್ತಾ ಹೋಗಬೇಕು. ‘ಟಕ್’ ಎಂದಾಗ ನನಗೇ ಅಚ್ಚರಿಯಾಗಬೇಕು. ತಡವಾಯಿತೆನಿಸಿದರೆ ಕೈ ಇಳಿಸಿ ಮೊದಲಿಂದ ಶುರು ಮಾಡಬೇಕು. ಹಾಗೆ ಕೈ ಇಳಿಸುವುದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು.

ನಾಲ್ಕು ತಿಂಗಳಾಯಿತು. ಈಗ 50 ಸಲದಲ್ಲಿ ನಾಣ್ಯ ಬೀಳುವುದು ಎರಡೋ ಮೂರೋ ಸಲ. ಮುಂದಿನ ತಿಂಗಳು ಮತ್ತೆ ಆಯ್ಕೆ ಸ್ಪರ್ಧೆ.

ನಿನ್ನೆ ಅಪ್ಪ ಮೊದಲ ಬಾರಿಗೆ ಕೇಳಿದ, ‘ಗೆಲ್ತೀಯೇನವ್ವ?’

‘ಗೊತ್ತಿಲ್ಲ ಕಣಪ್ಪ, ಆದ್ರೆ ಈ ಸಲ ಜಗ್ಗಲ್ಲ’ ಅಂದೆ.