ಜಿಪ್ಸಿಗೆ ಮರಳುಗಾಡು ತೋರಿಸುವ ಮುನ್ನ

ಹಳೇ ಮಾರುತಿ ಜಿಪ್ಸಿ ಕೊಂಡವರ ಮೊದಲ ಖರ್ಚು ಯಾವುದಕ್ಕೆ ಹೇಳಿ? ಮುಂದೆ ದಪ್ಪ ಕಬ್ಬಿಣದ ಬಂಪರ್, ಅದರೊಳಗೊಂದು ವಿಂಚ್, ನೆತ್ತಿಯ ಮೇಲೆ ಎಲ್‌ಇಡಿ ಪಟ್ಟಿ, ಟಾಪಿಗೆ ಕ್ಯಾರಿಯರ್, ಚಕ್ರದ ಗೂಡಿಗೆ ಹಿಡಿಸದಷ್ಟು ದೊಡ್ಡ ಟೈರ್. ಫೋಟೊ ಚೆನ್ನಾಗೇ ಬರುತ್ತೆ, ಸುಳ್ಳಲ್ಲ. ಆಮೇಲೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜು: ‘ಡಿಸೆಂಬರ್‌ಗೆ ಥಾರ್ ಮರುಭೂಮಿ. ಯಾರ್ ಯಾರ್ ಬರ್ತೀರಿ?’

ಬೆಂಗಳೂರಿನಿಂದ ಜೈಸಲ್ಮೇರ್‌ಗೆ ಹೆಚ್ಚುಕಡಿಮೆ 2,000 ಕಿ.ಮೀ. ಅಲ್ಲಿಂದ ಸಮ್, ಲೋಂಗೆವಾಲಾ, ತನೋಟ್. ವಾಪಸ್ ಕೆಳಗಿಳಿದು ಬಾಡ್ಮೇರ್ ದಾಟಿದರೆ ಕಛ್‌ನ ರಣ್. ಹೋಗಿ ಬರುವಷ್ಟರಲ್ಲಿ ಎರಡು ವಾರ, ಐದು ಸಾವಿರ ಕಿ.ಮೀ. ಆಗುತ್ತೆ. ಇಪ್ಪತ್ತು ವರ್ಷದ ಗಾಡಿಗೆ ಇದು ಸಣ್ಣ ಕೆಲಸವಲ್ಲ. ಆಕ್ಸೆಸರಿ ಅಂಗಡಿಗೆ ಹೋಗುವ ಮೊದಲು ಗಾಡಿಯನ್ನು ಒಂದು ವೇ ಬ್ರಿಡ್ಜ್‌ಗೆ ಒಯ್ದು ತೂಕ ಹಾಕಿಸಿ. ತಮಾಷೆಗೆ ಹೇಳ್ತಿಲ್ಲ. ಮರಳಲ್ಲಿ ನಿಮ್ಮ ಹಣೆಬರಹ ಬರೆಯುವುದು ಆ ಚೀಟಿ.

ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, 970 ಸಿಸಿ ಎಂಜಿನ್ ಜೊತೆ. ಆಮೇಲೆ 1,298 ಸಿಸಿಯ ‘ಕಿಂಗ್’ ಬಂತು. ಅದರ ಎಂಪಿಎಫ್‌ಐ ಮಾದರಿಯಲ್ಲಿ 80 ಬಿಎಚ್‌ಪಿ ಶಕ್ತಿ, 103 ನ್ಯೂಟನ್ ಮೀಟರ್ ಟಾರ್ಕ್. ಇವತ್ತಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೂ ಸೇನೆಯವರು, ರ‍್ಯಾಲಿಯವರು ದಶಕಗಟ್ಟಲೆ ಇದನ್ನೇ ನೆಚ್ಚಿಕೊಂಡಿದ್ದರು. ಕಾರಣ ಸರಳ. ಖಾಲಿ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ. ಎರಡು ಟನ್ನಿನ ಎಸ್‌ಯುವಿ ಹೂತುಕೊಳ್ಳುವ ಕಡೆ ಜಿಪ್ಸಿ ತೇಲಿಕೊಂಡು ಹೋಗುತ್ತೆ. ಮರಳಿಗೆ ಎಂಜಿನ್ ಶಕ್ತಿಯ ಮರ್ಯಾದೆ ಕಡಿಮೆ. 1971ರ ಡಿಸೆಂಬರ್‌ನಲ್ಲಿ ಇದೇ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮೆತ್ತನೆ ಮರಳಲ್ಲಿ ಸಿಕ್ಕಿಬಿದ್ದು, ಬೆಳಗಾಗುತ್ತಲೇ ಹಂಟರ್ ವಿಮಾನಗಳ ಗುರಿಯಾದವು. ಚೈನಿನ ಚಕ್ರವಿದ್ದವುಗಳ ಕತೆಯೇ ಹೀಗೆ.

ಈಗ ಲೆಕ್ಕ ಹಾಕಿ. ಕಬ್ಬಿಣದ ಬಂಪರ್, ವಿಂಚ್ ಸೇರಿ ಸಲೀಸಾಗಿ 70 ಕೆಜಿ. ಅದೂ ಮುಂದಿನ ಎಲೆ ಸ್ಪ್ರಿಂಗ್‌ಗಳ ಮೇಲೆ. ಇಳಿಜಾರಿನಲ್ಲಿ ಮೂಗು ಮರಳಿಗೆ ನೆಡೋದಕ್ಕೆ ಇಷ್ಟು ಸಾಕು. ಇಷ್ಟಕ್ಕೂ ವಿಂಚಿನ ಹಗ್ಗ ಕಟ್ಟೋಕೆ ಮರವೋ ಬಂಡೆಯೋ ಬೇಕಲ್ಲ? ಸಕಲೇಶಪುರದ ಕೆಸರಿನಲ್ಲಿ ಅದು ದೇವರು, ಸಮ್‌ನ ದಿಬ್ಬದ ಮೇಲೆ ಬರೀ ಭಾರ.

ಮೊದಲ ಗುರು

ಮರಳಲ್ಲಿ ಕಾರು ಓಡಿಸುವ ವಿದ್ಯೆಯನ್ನು ಶಾಸ್ತ್ರದ ಹಾಗೆ ಕಲಿತು ಕಲಿಸಿದವರಲ್ಲಿ ರಾಲ್ಫ್ ಬ್ಯಾಗ್ನೋಲ್ಡ್ ದೊಡ್ಡ ಹೆಸರು. ಬ್ರಿಟಿಷ್ ಸೇನೆಯ ಅಧಿಕಾರಿ. 1920ರ ದಶಕದ ಕೊನೆಯಿಂದ 1932ರ ತನಕ ರಜೆ ಹಾಕಿಕೊಂಡು, ಗೆಳೆಯರ ಜೊತೆ, ಬಹುಪಾಲು ಸ್ವಂತ ಖರ್ಚಿನಲ್ಲಿ ಈಜಿಪ್ಟ್, ಲಿಬಿಯಾ, ಸುಡಾನ್‌ಗಳ ಮರುಭೂಮಿಯನ್ನು ಫೋರ್ಡ್ ಕಾರುಗಳಲ್ಲಿ ಸುತ್ತಿದ ಮನುಷ್ಯ. ಮೊದಲು ಮಾಡೆಲ್ ಟಿ, ಆಮೇಲೆ ಮಾಡೆಲ್ ಎ. ಎರಡಕ್ಕೂ ಫೋರ್ ವೀಲ್ ಡ್ರೈವ್ ಇರಲಿಲ್ಲ!

ಅವರು ಕಾರಿಗೆ ಮಾಡಿದ್ದೇನು? ಬೇಡದ್ದನ್ನೆಲ್ಲ ಕಿತ್ತುಹಾಕಿದರು. ಅಲಂಕಾರದ ಬಾಡಿ ತೆಗೆದು ಮರದ ಪೆಟ್ಟಿಗೆ ಕೂರಿಸಿದರು. ಆ ಕಾಲದ ರೇಡಿಯೇಟರ್ ಕುದಿದರೆ ಹಬೆಯೆಲ್ಲ ಹೊರಗೆ ಹೋಗಿ ನೀರು ಖಾಲಿಯಾಗುತ್ತಿತ್ತು. ಮರುಭೂಮಿಯಲ್ಲಿ ಅದು ಕುಡಿಯುವ ನೀರಿಗೇ ಕನ್ನ. ಅದಕ್ಕೆ ಆ ಹಬೆಯನ್ನು ಕೊಳವೆಯಲ್ಲಿ ಹಿಡಿದು, ಪಕ್ಕದಲ್ಲಿ ಕಟ್ಟಿದ ನೀರಿನ ಡಬ್ಬಿಯೊಳಗೆ ಬಿಟ್ಟರು. ಡಬ್ಬಿಯೂ ಕುದಿಯಲು ಶುರುವಾದರೆ ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸುವುದು. ಎಂಜಿನ್ ತಣಿದಂತೆ ಒಳಗೆ ನಿರ್ವಾತವಾಗಿ ಡಬ್ಬಿಯ ನೀರು ತಾನಾಗಿ ರೇಡಿಯೇಟರ್‌ಗೆ ವಾಪಸ್. ನಿಮ್ಮ ಗಾಡಿಯಲ್ಲಿ ಕೂಲೆಂಟ್ ತುಂಬುವ ಬಿಳಿ ಬಾಟಲಿ ಇದೆಯಲ್ಲ, ಅದು ಮಾಡುವುದೂ ಇದೇ ಕೆಲಸ. ಹೂತ ಚಕ್ರದ ಕೆಳಗೆ ಕೊಡಲು ಅವರಿಗೆ ಸಿಕ್ಕಿದ್ದು ಕೈರೋದ ಗುಜರಿಯಲ್ಲಿ ಬಿದ್ದಿದ್ದ ಉಕ್ಕಿನ ತಗಡು ಪಟ್ಟಿ, ಮೊದಲ ಮಹಾಯುದ್ಧದ ಬಂಕರುಗಳಿಗೆ ಚಾವಣಿ ಹೊದಿಸಲು ಮಾಡಿದ್ದು. ಇವತ್ತು ಕಿತ್ತಳೆ ಬಣ್ಣದ ಪ್ಲಾಸ್ಟಿಕ್‌ನಲ್ಲಿ ರಿಕವರಿ ಬೋರ್ಡ್ ಅಂತ ಮಾರುವುದು ಅದರದೇ ಮೊಮ್ಮಗು.

ಈ ಓಡಾಟದಲ್ಲಿ ಹುಟ್ಟಿದ ಕುತೂಹಲದಿಂದ ಬ್ಯಾಗ್ನೋಲ್ಡ್ ಮರಳಿನ ಚಲನೆಯ ಭೌತಶಾಸ್ತ್ರವನ್ನೇ ಬರೆದರು. 1941ರ ಆ ಪುಸ್ತಕವನ್ನು ಮಂಗಳ ಗ್ರಹದ ಮರಳುದಿಬ್ಬ ನೋಡುವವರು ಈಗಲೂ ತಿರುವಿಹಾಕುತ್ತಾರೆ. ಇರಲಿ, ನಾವು ಜಿಪ್ಸಿಗೆ ಬರೋಣ.

ತಂಪು ಮೊದಲು

ಮೊದಲ ದುಡ್ಡು ಕೂಲಿಂಗ್‌ಗೆ ಹೋಗಲಿ. ರಸ್ತೆಯಲ್ಲಿ 80ರಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತೆ. ಮರಳಲ್ಲಿ ವೇಗ 20, ಎಂಜಿನ್ ಮಾತ್ರ 4,000 ಸುತ್ತು ಕಿರುಚ್ತಾ ಇರುತ್ತೆ. ಹಿಂದಿನಿಂದ ಗಾಳಿ ಬೀಸಿದರಂತೂ ರೇಡಿಯೇಟರ್ ಎದುರಿಗೆ ಗಾಳಿಯೇ ಸತ್ತುಹೋಗುತ್ತೆ. ಗ್ರಿಲ್ ಮುಂದೆ ನಾಲ್ಕು ದೊಡ್ಡ ದೀಪ ಕಟ್ಟಿದ್ದರೆ ಮುಗೀತು.

ಹಾಗಾಗಿ ಹಳೇ ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೆಸರು ತೆಗೆಸಿ, ಇಲ್ಲವೇ ಕೋರ್ ಬದಲಿಸಿ. ಹೋಸ್‌ಗಳೆಲ್ಲ ಹೊಸವು, ಬೆಲ್ಟ್ ಹೊಸದು, ವಾಟರ್ ಪಂಪ್ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ಬದಲಿಸಿ. ಯಾರೂ ಲೆಕ್ಕಕ್ಕಿಡದ ಒಂದು ಭಾಗ ರೇಡಿಯೇಟರ್ ಮುಚ್ಚಳ. ಅದೊಂದು ಪ್ರೆಷರ್ ವಾಲ್ವ್. ಒಳಗೆ ಒಂದು ಬಾರ್ ಹೆಚ್ಚುವರಿ ಒತ್ತಡ ನಿಂತರೆ ನೀರು ಕುದಿಯುವುದು 100ರ ಬದಲು ಸುಮಾರು 120 ಡಿಗ್ರಿಯಲ್ಲಿ. ಸ್ಪ್ರಿಂಗ್ ಸಡಿಲವಾದ ಮುಚ್ಚಳ ಈ ಇಪ್ಪತ್ತು ಡಿಗ್ರಿಯ ಅಂತರವನ್ನು ತಿಂದುಹಾಕುತ್ತೆ. ಬೆಲೆ ಕೆಲವು ನೂರು ರೂಪಾಯಿ. ಎರಡು ಕೊಳ್ಳಿ, ಒಂದು ಡ್ಯಾಶ್‌ಬೋರ್ಡಲ್ಲಿರಲಿ. ‘ಥರ್ಮೋಸ್ಟ್ಯಾಟ್ ಕಿತ್ತಾಕಿ ಸಾರ್, ಕೂಲ್ ಆಗಿರುತ್ತೆ’ ಅನ್ನುವ ಗ್ಯಾರೇಜಿನವರಿಗೆ ನಮಸ್ಕಾರ ಹೇಳಿ ಬನ್ನಿ. ಮರುಭೂಮಿಯ ಚಳಿಗಾಲದ ಬೆಳಗು ನಾಲ್ಕೈದು ಡಿಗ್ರಿಗೆ ಇಳಿಯುತ್ತೆ. ಎಂಜಿನ್ ಬೇಗ ಬಿಸಿಯಾಗುವುದೂ ಬೇಕು.

ಬೇಸಿಗೆಯಲ್ಲಿ ಹೋಗುವ ಯೋಚನೆಯೇ ಬೇಡ. 2016ರ ಮೇ ತಿಂಗಳಲ್ಲಿ ಜೈಸಲ್ಮೇರ್ ಪಕ್ಕದ ಫಲೋದಿಯಲ್ಲಿ 51 ಡಿಗ್ರಿ ದಾಖಲಾಗಿತ್ತು. ನವೆಂಬರ್‌ನಿಂದ ಫೆಬ್ರವರಿ ಮಧ್ಯೆ ಹೊರಡಿ.

ಏರ್ ಫಿಲ್ಟರ್ ವಿಷಯದಲ್ಲಿ ನಾನು ಹಳೇ ಕಾಲದವನು. ಸ್ನಾರ್ಕೆಲ್, ತೊಳೆದು ಬಳಸುವ ರೇಸಿಂಗ್ ಫಿಲ್ಟರ್, ಇವೆಲ್ಲಕ್ಕಿಂತ ಕಂಪನಿಯ ಕಾಗದದ ಫಿಲ್ಟರ್ ಮೂರು ಇಟ್ಟುಕೊಳ್ಳುವುದು ಮೇಲು. ದೂಳು ಒಳಗೆ ಹೋಗುವುದು ಹೆಚ್ಚಾಗಿ ಬಿರುಕುಬಿಟ್ಟ ರಬ್ಬರ್ ಪೈಪ್ ಮತ್ತು ಸಡಿಲ ಕ್ಲಿಪ್ಪಿನ ಮೂಲಕ. ಅವನ್ನು ನೋಡಿ.

ದೊಡ್ಡ ಟೈರಿನ ಆಸೆ

ಜಿಪ್ಸಿಗೆ 205/70 ಆರ್15 ಟೈರ್ ಇದ್ದರೆ ವ್ಯಾಸ ಸುಮಾರು 668 ಮಿ.ಮೀ. ಅದರ ಜಾಗಕ್ಕೆ 235/75 ಆರ್15 ಹಾಕಿದರೆ 733. ಹೆಚ್ಚುಕಡಿಮೆ ಶೇ 10ರಷ್ಟು ದೊಡ್ಡದು. ಅಂದರೆ ಪ್ರತಿ ಗೇರೂ ಶೇ 10ರಷ್ಟು ಭಾರವಾಯಿತು, 103 ನ್ಯೂಟನ್ ಮೀಟರಿನ ಬಡ ಎಂಜಿನ್ ದಿಬ್ಬದ ನಡುವೆ ಉಸಿರು ಬಿಡುತ್ತೆ. ಸ್ಪೀಡೋಮೀಟರ್ 80 ತೋರಿಸುವಾಗ ನೀವು ಹೋಗ್ತಿರೋದು 88ರಲ್ಲಿ. ಓಡೋಮೀಟರ್ ಕೂಡ ಕಡಿಮೆ ತೋರಿಸುವುದರಿಂದ ಮೈಲೇಜ್ ಲೆಕ್ಕವೂ ತಪ್ಪುತ್ತೆ. ಮೇಲಿಂದ ಮಡ್ ಟೆರೇನ್ ಅಂತ ದಪ್ಪ ಹಲ್ಲಿನ ಟೈರ್ ಹಾಕಿದ್ದರೆ ಅದು ಮರಳಲ್ಲಿ ಹಾರೆಯ ಕೆಲಸ ಮಾಡುತ್ತೆ. ಎರಡು ಸುತ್ತಿಗೆ ಆ್ಯಕ್ಸಲ್ ತನಕ ಗುಂಡಿ.

ಮೂಲ ಅಳತೆಯ ಒಳ್ಳೇ ಆಲ್ ಟೆರೇನ್ ಟೈರ್ ಸಾಕು. ಮಾಯೆ ಇರೋದು ಗಾಳಿಯಲ್ಲಿ. ರಸ್ತೆಯ 26-28 ಪಿಎಸ್‌ಐ ಅನ್ನು ಮರಳಿಗೆ ಇಳಿಯುವ ಮುನ್ನ 15-16ಕ್ಕೆ ಇಳಿಸಿ. ಟೈರ್ ನೆಲ ಮುಟ್ಟುವ ಭಾಗ ಉದ್ದಕ್ಕೆ ಚಾಚಿಕೊಳ್ಳುತ್ತೆ, ಒಂಟೆಯ ಪಾದದ ಹಾಗೆ. ಹೂತೇಹೋದರೆ 12ರ ತನಕ ಇಳಿಸಬಹುದು, ಆದರೆ ಆಗ ಜೋರಾಗಿ ತಿರುಗಿಸಿದರೆ ಟೈರ್ ರಿಮ್‌ನಿಂದ ಕಳಚಿಕೊಳ್ಳುತ್ತೆ. ವಾಪಸ್ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಲೇಬೇಕು. ಮೆತ್ತಗಿನ ಟೈರ್ ಹೆದ್ದಾರಿಯಲ್ಲಿ ಬಿಸಿಯಾಗಿ ಸಿಡಿಯುತ್ತೆ. ಹಾಗಾಗಿ ಕಂಪ್ರೆಸರ್ ಒಳ್ಳೇದು ತಗೊಳ್ಳಿ. ಅದನ್ನು ನೇರ ಬ್ಯಾಟರಿಗೆ ಕಚ್ಚಿಸಿ, ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್‌ಗೆ ಆ ತಾಕತ್ತಿಲ್ಲ.

ಇನ್ನೊಂದು ವಿಷಯ ಗಂಭೀರವಾದದ್ದು. ಹೂತ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆಯುವಾಗ ಟ್ರೇಲರ್ ಕಟ್ಟುವ ಗುಂಡು ಕೊಕ್ಕೆಗೆ ಪಟ್ಟಿ ಸಿಕ್ಕಿಸಬೇಡಿ. ಅದು ಮುರಿದರೆ ಎಳೆದ ರಬ್ಬರಿನ ಹಾಗೆ ಹಾರಿ ಗಾಜು ಒಡೆದು ಬರುತ್ತೆ. ಜನ ಸತ್ತಿದ್ದಾರೆ. ಚಾಸಿಗೆ ಬೋಲ್ಟ್ ಮಾಡಿದ ಕೊಂಡಿ ಹಿಂದೆ ಮುಂದೆ ಇರಲಿ, ಎಳೆಯುವಾಗ ಉಳಿದವರು ದೂರ ನಿಲ್ಲಲಿ. ಬಹಳ ಸಲ ಎಳೆಯುವುದೇ ಬೇಕಾಗುವುದಿಲ್ಲ: ಆಕ್ಸಲರೇಟರ್ ಬಿಡಿ, ಇಳಿಯಿರಿ, ಸಲಿಕೆಯಲ್ಲಿ ಚಕ್ರದ ಮುಂದಿನ ಮರಳು ತೆಗೆಯಿರಿ, ಬೋರ್ಡ್ ಕೊಡಿ. ಹದಿನೈದು ನಿಮಿಷದ ಕೆಲಸ.

ಕಾಗದ, ನೀರು, ಹಕ್ಕಿ

ಮಾಡಿಫಿಕೇಶನ್ ಅಂದಮೇಲೆ ಕಾನೂನು ಬಿಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಕಬ್ಬಿಣದ ಬುಲ್ ಬಾರ್ ತಡೆಯಿರಿ ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು 2017ರ ಡಿಸೆಂಬರ್‌ನಲ್ಲಿ. ಹರಾಜಿನಲ್ಲಿ ಸೇನೆಯ ಜಿಪ್ಸಿ ಕೊಂಡು ಅದೇ ಹಸಿರು ಉಳಿಸಿಕೊಳ್ಳುವ ಆಸೆ ಇದ್ದರೆ, ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ಆಲಿವ್ ಗ್ರೀನ್ ರಕ್ಷಣಾ ಇಲಾಖೆಗೆ ಮಾತ್ರ. ಗಡಿ ಜಿಲ್ಲೆಯ ಚೆಕ್‌ಪೋಸ್ಟ್‌ನಲ್ಲಿ ಆ ಬಣ್ಣದಲ್ಲಿ ಹೋಗಿ ನಿಲ್ಲುವುದು ಎಂಥಾ ಐಡಿಯಾ ಅಂತ ನೀವೇ ಯೋಚಿಸಿ. ಹದಿನೈದು ವರ್ಷ ದಾಟಿದ ಗಾಡಿಯ ಮರುನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ, ಇಲ್ಲದಿದ್ದರೆ ವಿಮೆ ಕೈಗೆ ಬರುವುದು ಕಷ್ಟ. ವಿದೇಶದಿಂದ ಗೆಳೆಯರು ತಂದುಕೊಟ್ಟ ಸ್ಯಾಟಲೈಟ್ ಫೋನ್ ಮನೆಯಲ್ಲೇ ಇರಲಿ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕೇಸು.

ಟ್ಯಾಂಕಿನಲ್ಲಿ ಹಿಡಿಸುವುದು 40 ಲೀಟರ್. ಹೆದ್ದಾರಿಯಲ್ಲಿ ಲೀಟರಿಗೆ ಹತ್ತು ಕೊಡುವ ಗಾಡಿ ಮರಳಲ್ಲಿ ಐದು ಕೊಟ್ಟರೆ ಪುಣ್ಯ. ಒಂದು ಇಪ್ಪತ್ತು ಲೀಟರ್ ಉಕ್ಕಿನ ಕ್ಯಾನ್ ಸಾಕು, ಪಂಪ್ ಸಿಕ್ಕ ಕಡೆಯೆಲ್ಲ ತುಂಬಿಸಿಕೊಳ್ಳುತ್ತಾ ಹೋಗಿ. ನೀರು ತಲೆಗೆ ದಿನಕ್ಕೆ ಐದು ಲೀಟರ್. ಇಬ್ಬರಿಗೆ ನಾಲ್ಕು ದಿನ ಅಂದರೆ 40 ಕೆಜಿ. ಇದರಲ್ಲಿ ಜಿಪುಣತನ ಬೇಡ. ಬಂಪರ್ ಬಿಟ್ಟು ಉಳಿಸಿದ ಭಾರದಲ್ಲಿ ಈ ನೀರೂ ಪೆಟ್ರೋಲೂ ಹೋಗುತ್ತವೆ. ಆದರೆ ಎರಡನ್ನೂ ಟಾಪಿನ ಮೇಲೆ ಹೇರಬೇಡಿ. ಜಿಪ್ಸಿಯ ಅಗಲ ಒಂದೂವರೆ ಮೀಟರ್ ಚಿಲ್ಲರೆ. ತಲೆಭಾರವಾದರೆ ದಿಬ್ಬದ ಓರೆಯಲ್ಲಿ ಮಗುಚುವುದು ಖಚಿತ. ದಿಬ್ಬವನ್ನು ನೇರ ಹತ್ತಿ, ನೇರ ಇಳಿಯಿರಿ. ಆ ಬದಿ ಏನಿದೆ ಅಂತ ಇಳಿದು ನಡೆದು ನೋಡಿದ ಮೇಲೆ.

ಎಲ್ಲ ದಿಬ್ಬವೂ ನಮ್ಮದಲ್ಲ. ಜೈಸಲ್ಮೇರ್-ಬಾಡ್ಮೇರ್ ನಡುವೆ 3,162 ಚದರ ಕಿ.ಮೀ.ನಷ್ಟು ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ. ನಮ್ಮ ಸಿರಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿನ ಹುಲ್ಲುಗಾವಲಲ್ಲಿ ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ಜಾಡು ಬಿಟ್ಟು ಓಡಿಸಿದ ಗಾಡಿಗೆ ಅದು ಕಾಣೋದೇ ಇಲ್ಲ. ಸ್ಥಳೀಯ ಡ್ರೈವರ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಲ್ಲಿ ಇಳಿಯಬಹುದು, ಎಲ್ಲಿ ಅರಣ್ಯ ಇಲಾಖೆಯವರು ಹಿಡೀತಾರೆ, ಎಲ್ಲಿಂದಾಚೆ ಬಿಎಸ್‌ಎಫ್ ಅನುಮತಿ ಬೇಕು, ಅವರಿಗೆ ಗೊತ್ತು.

ಕಛ್‌ನ ರಣ್ ಬೇರೆಯೇ ಆಟ. ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ಹಪ್ಪಳ ಒಡೆದರೆ ಗಾಳಿ ಇಳಿಸಿದರೂ ಪ್ರಯೋಜನವಿಲ್ಲ, ಹಳೇ ಟೈರಿನ ಗುರುತು ಬಿಟ್ಟು ಆಚೀಚೆ ಹೋಗಬೇಡಿ. ಊರಿಗೆ ಬಂದ ಮೊದಲ ವಾರವೇ ಗಾಡಿಯ ಹೊಟ್ಟೆಯ ಭಾಗವನ್ನು ಸಿಹಿನೀರಲ್ಲಿ ಎರಡು ಸಲ ತೊಳೆಸಿ, ಬ್ರೇಕ್ ಡ್ರಮ್ ಬಿಚ್ಚಿಸಿ, ಗೇರ್ ಮತ್ತು ಡಿಫರೆನ್ಷಿಯಲ್ ಆಯಿಲ್ ಬದಲಿಸಿ. ಉಪ್ಪು ಒಂದು ಮಳೆಗಾಲದಲ್ಲಿ ಚಾಸಿ ತಿನ್ನಬಲ್ಲದು. ಡ್ರಮ್ಮಿನೊಳಗಿಂದ ಒಂದು ಹಿಡಿ ಥಾರ್ ಮರಳು ಉದುರಿದರೆ ಗಾಬರಿ ಬೇಡ, ಎಲ್ಲರದ್ದೂ ಉದುರುತ್ತೆ.