ಜೀವಿಗಳ ಮೂಲದ್ರವ್ಯಗಳು

ಮಣ್ಣು, ನೀರು, ಗಾಳಿಗಳಲ್ಲಿರುವ ವಸ್ತುಗಳೇ ಜೀವಿಗಳ ದೇಹದಲ್ಲಿಯೂ ಇವೆ. ಮಾನವಶರೀರದ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗವು ಆಮ್ಲಜನಕ, ಇಂಗಾಲ, ಜಲಜನಕ ಮತ್ತು ಸಾರಜನಕವೆಂಬ ನಾಲ್ಕೇ ಮೂಲವಸ್ತುಗಳಿಂದ ಆಗಿದೆ. ಉಳಿದ ಅಲ್ಪಭಾಗದಲ್ಲಿ ಕ್ಯಾಲ್ಸಿಯಂ, ರಂಜಕ, ಗಂಧಕ, ಕಬ್ಬಿಣ ಮೊದಲಾದವು ಸೇರಿವೆ. ಜೀವಿಗಳಿಗೆಂದೇ ಮೀಸಲಾದ ಮೂಲವಸ್ತು ಇವುಗಳಲ್ಲಿ ಒಂದೂ ಇಲ್ಲ. ಹಾಗಾದರೆ ಜಡವಾದ ಕಲ್ಲಿಗೂ ಮೊಳೆಯುವ ಬೀಜಕ್ಕೂ ಇರುವ ಭೇದವೇನು? ಆ ಭೇದದ ಬಹುಭಾಗವು ಪರಮಾಣುಗಳು ಪರಸ್ಪರ ಕೂಡಿಕೊಂಡಿರುವ ಕ್ರಮದಲ್ಲಿದೆ.

ಜೀವಿಗಳ ದೇಹದಲ್ಲಿ ಉಂಟಾಗುವ ಪದಾರ್ಥಗಳನ್ನು ಮನುಷ್ಯನು ಪ್ರಯೋಗಶಾಲೆಯಲ್ಲಿ ತಯಾರಿಸಲಾರನೆಂದೂ, ಅದಕ್ಕೆ ಒಂದು ವಿಶೇಷವಾದ ಜೀವಶಕ್ತಿಯೇ ಬೇಕೆಂದೂ ಹಿಂದೆ ಅನೇಕ ವಿದ್ವಾಂಸರು ನಂಬಿದ್ದರು. 1828ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಫ್ರೆಡರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ, ಮೂತ್ರದಲ್ಲಿ ದೊರೆಯುವ ಯೂರಿಯಾವನ್ನು ಪಡೆದಾಗ ಈ ನಂಬಿಕೆ ಸಡಿಲವಾಯಿತು. ಆ ಲವಣದಲ್ಲಿಯೂ ಯೂರಿಯಾದಲ್ಲಿಯೂ ಇರುವ ಪರಮಾಣುಗಳು ಅವೇ, ಅವುಗಳ ಸಂಖ್ಯೆಯೂ ಅಷ್ಟೇ. ಜೋಡಣೆ ಮಾತ್ರ ಬೇರೆ.

ಇಂಗಾಲದ ಪರಮಾಣುವು ಏಕಕಾಲದಲ್ಲಿ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳಬಲ್ಲದು. ಆದುದರಿಂದ ಅದು ಉದ್ದವಾದ ಸರಪಳಿಗಳಾಗಿಯೂ, ಕವಲುಗಳಾಗಿಯೂ, ಬಳೆಗಳಾಗಿಯೂ ರೂಪುಗೊಳ್ಳುತ್ತದೆ. ಜೀವಕೋಶದ ಮುಖ್ಯ ಅಣುಗಳೆಲ್ಲವೂ ಇಂಥ ಇಂಗಾಲದ ಚೌಕಟ್ಟಿನ ಮೇಲೆಯೇ ನಿಂತಿವೆ. ಅವುಗಳನ್ನು ಶರ್ಕರಪಿಷ್ಟ, ಮೇದಸ್ಸು, ಸಸಾರಜನಕ ಮತ್ತು ನ್ಯೂಕ್ಲಿಯಿಕ್ ಆಮ್ಲಗಳೆಂದು ನಾಲ್ಕು ವರ್ಗಗಳಾಗಿ ವಿಂಗಡಿಸುವುದು ರೂಢಿ.

ಶರ್ಕರಪಿಷ್ಟಗಳು

ಹಸಿರು ಸಸ್ಯಗಳು ಸೂರ್ಯನ ಬೆಳಕಿನ ನೆರವಿನಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಗ್ಲೂಕೋಸನ್ನು ತಯಾರಿಸುತ್ತವೆ. ಇದರ ಒಂದು ಅಣುವಿನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ. ಗ್ಲೂಕೋಸಿನ ಸಾವಿರಾರು ಅಣುಗಳು ಒಂದು ರೀತಿಯಲ್ಲಿ ಕೊಂಡಿಗೂಡಿದರೆ ಪಿಷ್ಟವಾಗುತ್ತದೆ. ಅವೇ ಅಣುಗಳು ಇನ್ನೊಂದು ರೀತಿಯಲ್ಲಿ ಕೊಂಡಿಗೂಡಿದರೆ ಸೆಲ್ಯುಲೋಸ್ ಎಂಬ ನಾರಾಗುತ್ತದೆ. ಜೋಳದ ಕಾಳು ಮನುಷ್ಯನಿಗೆ ಆಹಾರ, ಅದೇ ಜೋಳದ ಕಣಿಕೆ ದನಕ್ಕೆ ಮೇವು. ಎರಡರಲ್ಲಿಯೂ ಹೇರಳವಾಗಿರುವುದು ಗ್ಲೂಕೋಸೇ ಆದರೂ, ಕಣಿಕೆಯಲ್ಲಿನ ಕೊಂಡಿಯನ್ನು ಬಿಡಿಸಬಲ್ಲ ಕಿಣ್ವವು ಮನುಷ್ಯನ ಜಠರದಲ್ಲಾಗಲಿ ಕರುಳಿನಲ್ಲಾಗಲಿ ಉತ್ಪತ್ತಿಯಾಗುವುದಿಲ್ಲ. ದನದ ಹೊಟ್ಟೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಆ ಕಾರ್ಯವನ್ನು ಅದರ ಪರವಾಗಿ ನೆರವೇರಿಸುತ್ತವೆ.

ಮೇದಸ್ಸುಗಳು

ಎಣ್ಣೆ, ತುಪ್ಪ, ಕೊಬ್ಬುಗಳು ಈ ವರ್ಗಕ್ಕೆ ಸೇರಿದವು. ಒಂದು ಗ್ರಾಂ ಶರ್ಕರಪಿಷ್ಟವು ಸುಮಾರು 4 ಕಿಲೋಕ್ಯಾಲೊರಿ ಶಕ್ತಿಯನ್ನು ನೀಡಿದರೆ ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲೊರಿ ನೀಡುತ್ತದೆ. ಆದುದರಿಂದಲೇ ದೇಹವು ಶಕ್ತಿಯನ್ನು ದೀರ್ಘಕಾಲಕ್ಕೆ ಕೂಡಿಡುವುದು ಕೊಬ್ಬಿನ ರೂಪದಲ್ಲಿ. ರಂಜಕವನ್ನೊಳಗೊಂಡ ಮೇದಸ್ಸುಗಳು ಎರಡು ಪದರಗಳಾಗಿ ನಿಂತು ಪ್ರತಿಯೊಂದು ಜೀವಕೋಶಕ್ಕೂ ಹೊರಪೊರೆಯಾಗುತ್ತವೆ.

ಸಸಾರಜನಕಗಳು

ಪ್ರೋಟೀನುಗಳೆಂದು ಹೆಸರಾದ ಇವು ದೇಹದ ದುಡಿಮೆಗಾರರು. ಸ್ನಾಯುವಿನ ಬಲ, ಕಿಣ್ವಗಳ ಚುರುಕು, ರೋಗದೊಡನೆ ಹೋರಾಟ, ರಕ್ತದಲ್ಲಿ ಆಮ್ಲಜನಕದ ಸಾಗಾಟ ಇವೆಲ್ಲವೂ ಇವುಗಳ ಕಾರ್ಯವೇ. 20 ಬಗೆಯ ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟು ಸಸಾರಜನಕಗಳು ಉಂಟಾಗುತ್ತವೆ. ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಅನುಕ್ರಮವನ್ನು ಬಿಡಿಸಿ ತೋರಿಸಿದ ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಎಂಬ ಸಸಾರಜನಕವು ಮೂರೆಳೆಯ ಹುರಿಯಂತಿದೆಯೆಂದು 1954ರಲ್ಲಿ ಮದರಾಸಿನಲ್ಲಿ ಸೂಚಿಸಿದವರು ಜಿ. ಎನ್. ರಾಮಚಂದ್ರನ್. ಮುಂದೆ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ಅವರೇ.

ಅಮೈನೋ ಆಮ್ಲಗಳಲ್ಲಿ 9 ಬಗೆಗಳನ್ನು ಮಾನವದೇಹವು ತಾನೇ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಒದಗಬೇಕು. ಧಾನ್ಯಗಳಲ್ಲಿ ಲೈಸೀನ್ ಎಂಬುದು ಕಡಿಮೆ, ಬೇಳೆಕಾಳುಗಳಲ್ಲಿ ಅದು ಸಮೃದ್ಧ. ಬೇಳೆಗಳಲ್ಲಿ ಕೊರತೆಯಾಗುವ ಮೆಥಿಯೋನೀನನ್ನು ಧಾನ್ಯಗಳು ತುಂಬಿಕೊಡುತ್ತವೆ. ರೊಟ್ಟಿಗೆ ಬೇಳೆಯ ಪಲ್ಯ, ಮುದ್ದೆಗೆ ಕಾಳಿನ ಸಾರು ಎಂಬ ನಾಡಿನ ವಾಡಿಕೆಯ ಊಟದಲ್ಲಿ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಬೆಳೆಯುವ ಮಕ್ಕಳ ತಟ್ಟೆಯಿಂದ ಬೇಳೆಕಾಳುಗಳು ಮರೆಯಾಗಬಾರದೆಂಬುದಕ್ಕೆ ಇದೇ ಕಾರಣ.

ನ್ಯೂಕ್ಲಿಯಿಕ್ ಆಮ್ಲಗಳು

ಯಾವ ಮಣಿಯ ನಂತರ ಯಾವ ಮಣಿಯನ್ನು ಪೋಣಿಸಬೇಕೆಂಬ ಆದೇಶವು ಡಿ.ಎನ್.ಎ. ಎಂಬ ನ್ಯೂಕ್ಲಿಯಿಕ್ ಆಮ್ಲದಲ್ಲಿ ಅಡಗಿದೆ. ರೋಸಲಿಂಡ್ ಫ್ರಾಂಕ್ಲಿನ್ ಮೊದಲಾದವರು ಪಡೆದ ಕ್ಷ-ಕಿರಣ ಚಿತ್ರಗಳ ಆಧಾರದಿಂದ 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಇದರ ಜೋಡಿಸುರುಳಿಯ ರಚನೆಯನ್ನು ನಿರೂಪಿಸಿದರು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಇದರ ಲಿಪಿ. ಮೂರು ಮೂರು ಅಕ್ಷರಗಳ ಗುಂಪೊಂದು ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಈ ಸಂಕೇತವನ್ನು ಬಿಡಿಸಿದ ಸಾಧನೆಗಾಗಿ ಭಾರತಸಂಜಾತ ಹರಗೋವಿಂದ ಖೊರಾನಾ ಅವರು ಇನ್ನಿಬ್ಬರೊಡನೆ 1968ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಒಂದು ಅಕ್ಷರದ ವ್ಯತ್ಯಾಸ

ಮಾನವನ ಡಿ.ಎನ್.ಎ.ಯಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿವೆ. ಅಷ್ಟರಲ್ಲಿ ಒಂದು ಅಕ್ಷರ ಪಲ್ಲಟಗೊಂಡರೆ ಏನಾದೀತು? ರಕ್ತದ ಹೀಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯದನ್ನು ಸೂಚಿಸುವ ಎಡೆಯಲ್ಲಿ ಜಿ-ಎ-ಜಿ ಎಂದಿರುವ ಬದಲು ಜಿ-ಟಿ-ಜಿ ಎಂದಾದರೆ, ಗ್ಲುಟಾಮಿಕ್ ಆಮ್ಲದ ಸ್ಥಾನದಲ್ಲಿ ವ್ಯಾಲೀನ್ ಬಂದು ಕೂರುತ್ತದೆ. ಇದನ್ನು 1957ರಲ್ಲಿ ಗುರುತಿಸಿದವರು ವರ್ನನ್ ಇನ್‌ಗ್ರಾಂ. ಹೀಗೆ ಬದಲಾದ ಅಣುಗಳು ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಒಂದಕ್ಕೊಂದು ಅಂಟಿ ಎಳೆಗಟ್ಟುತ್ತವೆ. ದುಂಡಗಿರಬೇಕಾದ ರಕ್ತಕಣವು ಕುಡುಗೋಲಿನಂತೆ ಬಾಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲಿ ನಾಶವಾಗುತ್ತದೆ. ಕಿರಿಯ ರಕ್ತನಾಳಗಳು ಕಟ್ಟಿಕೊಂಡು ರೋಗಿಯು ಅಸಹನೀಯ ನೋವನ್ನು ಅನುಭವಿಸುತ್ತಾನೆ.

ಭಾರತದಲ್ಲಿ ಈ ಕುಡುಗೋಲು ಕಣ ರೋಗವು 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಮೊದಲು ಕಂಡುಬಂದಿತು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಇದು ಉಂಟು. ದೋಷವುಳ್ಳ ವಂಶವಾಹಿಯನ್ನು ಒಬ್ಬರೇ ಪಾಲಕರಿಂದ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ತೀವ್ರ ಮಲೇರಿಯಾದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಇದೆ. ತಂದೆತಾಯಿಗಳಿಬ್ಬರೂ ಇಂಥ ವಾಹಕರಾಗಿದ್ದಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. 2047ರೊಳಗೆ ಈ ರೋಗವನ್ನು ನಿರ್ಮೂಲನಗೊಳಿಸುವ ಗುರಿಯಿಂದ ಭಾರತ ಸರ್ಕಾರವು 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ರಕ್ತಪರೀಕ್ಷೆಯೊಂದರಿಂದ ವಾಹಕರನ್ನು ಗುರುತಿಸಿ, ವಿವಾಹಕ್ಕೆ ಮೊದಲೇ ತಿಳಿವಳಿಕೆ ನೀಡುವುದು ಅದರ ಮುಖ್ಯ ಮಾರ್ಗ.

ಮಗುವಿನ ಈ ನೋವಿಗೆ ತಾಯಿಯ ದೋಷವೆಂದೋ ಯಾರದೋ ಶಾಪವೆಂದೋ ಕಾರಣ ಹೇಳುವವರು ಇಂದಿಗೂ ಇಲ್ಲದಿಲ್ಲ. ಅಣುವಿನ ಜೋಡಣೆಯಲ್ಲಾದ ಒಂದು ಅಕ್ಷರದ ಪಲ್ಲಟವೇ ಅದಕ್ಕೆ ಕಾರಣವೆಂದು ತಿಳಿದ ವಿದ್ಯಾರ್ಥಿಯು ಅಂಥ ಮನೆಯವರಿಗೆ ಆ ಮಾತನ್ನು ಮನದಟ್ಟು ಮಾಡಿ, ರಕ್ತಪರೀಕ್ಷೆಯ ದಾರಿ ತೋರಿಸಿದರೆ, ಜೀವದ್ರವ್ಯಗಳ ಪಾಠ ಓದಿದ್ದು ಸಾರ್ಥಕವಾಗುತ್ತದೆ.