ಓತಿಯ ರಾತ್ರಿಯ ಬಿಡಾರ

ರಾಜಾಜಿನಗರದಂಥ ಬಡಾವಣೆಯಲ್ಲಿ ಮನೆಯೇಳದೆ ಉಳಿದ ನಿವೇಶನ ಹಿರಿಯರ ಕಣ್ಣಿಗೆ ಬರಿಯ ಪಾಳು. ಮಕ್ಕಳಿಗೆ ಕಳೆದ ಚೆಂಡನ್ನು ಅರಸುವ ತಾಣ. ಆದರೆ ಅಲ್ಲಿ ಬಿದ್ದ ಕಲ್ಲುಗುಪ್ಪೆ ಇನ್ನೊಂದು ಜೀವಿಗೆ ಮನೆಯಾಗಬಲ್ಲುದು. ಅದೇ ಬಂಡೆಯ ಓತಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳೇ ಅದರ ತವರು. ಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರು ಸ್ಯಾಮೊಫೈಲಸ್ ಡಾರ್ಸಾಲಿಸ್.

ಹಗಲಿನಲ್ಲಿ ಗಂಡು ಓತಿ ಎತ್ತರದ ಕಲ್ಲನ್ನೇರಿ, ತಲೆಯಾಡಿಸುತ್ತ ತನ್ನ ಎಲ್ಲೆಯನ್ನು ಸಾರುತ್ತದೆ. ಬೆದೆಯ ಕಾಲದಲ್ಲಿ ಅದರ ಪಕ್ಕೆ ಕಪ್ಪಾಗಿ, ಬೆನ್ನಿಗೆ ಹಳದಿ, ಕೆಂಪು ಬಣ್ಣಗಳೇರುತ್ತವೆ. ಹೆಣ್ಣನ್ನು ಸೆಳೆಯುವ ಆ ಬೆಡಗು ಹದ್ದಿನ ಕಣ್ಣನ್ನೂ ಸೆಳೆಯದೆ ಬಿಡದು. ಆದರೂ ಬಿಸಿಲಿಗೆ ಮೈ ಕಾದಿರುವಾಗ ಓಟವುಂಟು, ನುಸುಳಲು ಬಿರುಕುಂಟು.

ನಿಜವಾದ ಗಂಡಾಂತರವೆಂದರೆ ಇರುಳು. ಓತಿ ಶೀತರಕ್ತದ ಪ್ರಾಣಿ. ಸುತ್ತಣ ಗಾಳಿ ತಣಿದಂತೆ ಅದರ ಮೈಯೂ ತಣಿದು, ಕೈಕಾಲು ಜಡವಾಗುತ್ತವೆ. ಹಾವೋ ಬೆಕ್ಕೋ ಬಂದೆರಗಿದರೆ ಓಡುವ ಶಕ್ತಿ ಇರದು. ಆದುದರಿಂದ ಎಲ್ಲಿ ಮಲಗಬೇಕೆಂಬುದನ್ನು ಹೊತ್ತು ಮುಳುಗುವ ಮುನ್ನವೇ ಅದು ನಿಶ್ಚಯಿಸಬೇಕು. ಆಯ್ಕೆ ತಪ್ಪಿದರೆ ಬೆಳಗನ್ನು ಕಾಣುವ ಭರವಸೆಯಿಲ್ಲ.

ಬಂಡೆಯೇ ಇಲ್ಲದ ಬೀದಿಯಲ್ಲಿ ಅದರ ಗತಿಯೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2020ರ ದಶಕದ ಮೊದಲ ವರ್ಷಗಳಲ್ಲಿ ಹಳ್ಳಿಯ ಓತಿಗಳ ಮಲಗುದಾಣಗಳನ್ನು ನಗರದ ಓತಿಗಳ ಮಲಗುದಾಣಗಳೊಡನೆ ಹೋಲಿಸಿ ನೋಡಿದರು. ನಗರದ ಓತಿ ಕಾಂಕ್ರೀಟಿನ ನಡುವೆಯೂ ಹಳೆಯ ಬಂಡೆಯನ್ನೇ ಅರಸುತ್ತಿತ್ತು: ಕಲ್ಲಿನಂತೆ ಒರಟಾದ ಮೈ, ಬೀದಿದೀಪದ ಬೆಳಕು ತಾಗದ ಮರೆ.

ಅದು ಹೊಸ ಪಾಠವನ್ನು ಕಲಿಯಲಾರದೆಂದಲ್ಲ. ಅದೇ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮರಿಯಾ ಠಾಕರ್ 2019ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಓತಿಯ ಮುಂದೆ ಎರಡು ಅಡಗುದಾಣಗಳು. ಅವುಗಳಲ್ಲಿ ಒಂದು ಮಾತ್ರ ಸುರಕ್ಷಿತ. ವೈರಿ ಎರಗಿದಂತೆ ಹೆದರಿಸಿದಾಗ ಸರಿಯಾದುದನ್ನು ಹೊಗಬೇಕು. ಹಳ್ಳಿಯ ಓತಿಗಳಿಗಿಂತ ನಗರದಂಚಿನ ಓತಿಗಳು ಬೇಗನೆ, ಕಡಮೆ ತಪ್ಪುಗಳೊಡನೆ ಇದನ್ನು ಕಲಿತವು.

ಆದರೆ ಎಷ್ಟೇ ಜಾಣ ಪ್ರಾಣಿಯಾದರೂ ಇಲ್ಲದ ಬಿರುಕನ್ನು ಆರಿಸಿಕೊಳ್ಳಲಾರದು. ಕಲ್ಲುಗುಪ್ಪೆ ಲಾರಿಯೇರಿ ಹೋಗಿ, ಗೋಡೆಯ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿ, ಮೂಲೆಮೂಲೆಗೂ ರಾತ್ರಿಯಿಡೀ ದೀಪ ಉರಿದರೆ ಅದರ ವಿವೇಕಕ್ಕೆ ಬೆಲೆಯೆಲ್ಲಿ? ಓತಿಗೆ ಬೇಲಿ ಸಾಕ್ಷಿ ಎಂದು ಗಾದೆ. ನಗರದಲ್ಲಿ ಬೇಲಿ ಅಪರೂಪವಾಯಿತು. ಹಿತ್ತಿಲ ಮೂಲೆಯಲ್ಲಿ ನಾಲ್ಕು ಒರಟು ಕಲ್ಲು, ಅವುಗಳ ಮೇಲೆ ಒಂದಿಷ್ಟು ಕತ್ತಲೆ ಉಳಿದರೂ ಅದಕ್ಕೆ ಸಾಕು.